ಎಫ್‌ಟಿಡಿ ಯಾವ ವಯಸ್ಸಿಗೆ ಶುರುವಾಯಿತು? ಆ ಲೆಕ್ಕ ಹಿಡಿಯುವುದು, ಓದುವುದು, ಬಳಸುವುದು ಹೇಗೆ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ಈ ಕಾಯಿಲೆಯ ಮಟ್ಟಿಗೆ ಮನೆಯವರ ದಾರಿ ತಪ್ಪಿಸುತ್ತದೆ. ಫ್ರಂಟೋಟೆಂಪೊರಲ್ ಡಿಮೆನ್ಷಿಯಾ, ಅಂದರೆ ಎಫ್‌ಟಿಡಿ, ಹೆಚ್ಚಾಗಿ ಕಾಣಿಸಿಕೊಳ್ಳುವುದು 45ರಿಂದ 65ರ ನಡುವೆ. ಮೊದಮೊದಲು ಮರೆವು ಅಷ್ಟಾಗಿ ಇರುವುದಿಲ್ಲ. ಸ್ವಭಾವ ಬದಲಾಗುತ್ತದೆ, ಇಲ್ಲವೇ ಮಾತು ಕೆಡುತ್ತದೆ. ಮಿದುಳಿನ ಹಣೆಯ ಭಾಗ ಮತ್ತು ಕಣತಲೆಯ ಭಾಗ ಸೊರಗುವುದರಿಂದ ಹೀಗಾಗುತ್ತದೆ. 1892ರಲ್ಲಿ ಪ್ರಾಗ್‌ನ ವೈದ್ಯ ಆರ್ನಾಲ್ಡ್ ಪಿಕ್ ಇದನ್ನು ಮೊದಲು ವಿವರಿಸಿದರು. ನಮ್ಮಲ್ಲಿ ಹಲವರಿಗೆ ಇದರ ಹೆಸರು ಕಿವಿಗೆ ಬಿದ್ದದ್ದು 2023ರ ಫೆಬ್ರುವರಿಯಲ್ಲಿ, ನಟ ಬ್ರೂಸ್ ವಿಲ್ಲಿಸ್ ಅವರ ಮನೆಯವರು ಅವರಿಗೆ ಈ ಕಾಯಿಲೆ ಇದೆಯೆಂದು ತಿಳಿಸಿದಾಗ.

ಕಾಯಿಲೆ ಶುರುವಾದ ವಯಸ್ಸಿನಿಂದ ಮೂರು ವಿಷಯಗಳ ಸುಳಿವು ಸಿಗುತ್ತದೆ: ಲಕ್ಷಣ ಯಾವ ರೂಪದಲ್ಲಿ ಬರಬಹುದು, ಯಾವ ಪರೀಕ್ಷೆ ಬಿಡಬಾರದು, ಮುಂದಿನ ವರ್ಷಗಳಿಗೆ ಹೇಗೆ ಸಿದ್ಧರಾಗಬೇಕು. ಆದರೆ ಆ ವಯಸ್ಸನ್ನು ಸರಿಯಾಗಿ ಹಿಡಿದಿರಬೇಕು. ಹಲವು ಮನೆಗಳವರು ತಪ್ಪುವುದು ಇಲ್ಲೇ. ಆದ್ದರಿಂದ ಅಲ್ಲಿಂದಲೇ ಆರಂಭಿಸೋಣ.

ಶುರುವಾದ ತಿಂಗಳನ್ನು ಹಿಡಿಯುವುದು

ಡಾಕ್ಟರು ಹೆಸರಿಟ್ಟ ದಿನ ಕಾಯಿಲೆ ಶುರುವಾದ ದಿನವಲ್ಲ. ದೊಡ್ಡ ಗಲಾಟೆಯಾಗಿ ಮನೆಯೆಲ್ಲ ನಡುಗಿದ ದಿನವೂ ಅಲ್ಲ. ನೆದರ್‌ಲ್ಯಾಂಡ್ಸ್‌ನ ಒಂದು ಅಧ್ಯಯನದಲ್ಲಿ, 65ಕ್ಕಿಂತ ಮೊದಲು ಡಿಮೆನ್ಷಿಯಾ ಶುರುವಾದವರಿಗೆ ಲಕ್ಷಣ ಕಂಡಾಗಿನಿಂದ ರೋಗ ಗುರುತಾಗುವವರೆಗೆ ಸರಾಸರಿ 4.4 ವರ್ಷ ಹಿಡಿದಿತ್ತು. ವಯಸ್ಸಾದ ಮೇಲೆ ಶುರುವಾದವರಲ್ಲಿ 2.8 ವರ್ಷ. ಎಳೆಯ ವಯಸ್ಸಿನವರಲ್ಲೂ ಅತಿ ತಡವಾಗಿ ಗುರುತಾಗುವುದು ಎಫ್‌ಟಿಡಿಯೇ. ಹಾಗಾಗಿ 56ಕ್ಕೆ ಹೆಸರು ಸಿಕ್ಕವರಿಗೆ ಕಾಯಿಲೆ 51–52ಕ್ಕೇ ಹೊಕ್ಕಿರಬಹುದು.

ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮೂರು ತಾರೀಖುಗಳಿಗೆ ಜಾಗ ಬಿಡಿ: ಮೊದಲ ಬದಲಾವಣೆ ಕಂಡದ್ದು, ಕೆಲಸಕ್ಕೋ ಸಂಸಾರಕ್ಕೋ ಅಡ್ಡಿಯಾದದ್ದು, ಮೊದಲ ಸಲ ವೈದ್ಯರ ಹತ್ತಿರ ಹೋದದ್ದು. ಮೊದಲನೆಯದೇ ಮುಖ್ಯ. ಅದನ್ನು ಹಿಡಿಯಲು ‘ಯಾವಾಗಿನಿಂದ ಹೀಗೆ?’ ಎಂದು ಕೇಳಿದರೆ ‘ಈಗೊಂದು ಎರಡು ವರ್ಷ’ ಎಂಬ ಉತ್ತರವೇ ಎಲ್ಲರಿಂದಲೂ ಬರುತ್ತದೆ. ಬದಲಿಗೆ ಘಟನೆಗಳನ್ನು ಹಿಡಿದು ಕೇಳಿ. ಮಗಳ ಮದುವೆಯಲ್ಲಿ ಧಾರೆಯೆರೆಯುವಾಗ ಸರಿಯಾಗಿದ್ದರೇ? ಗೃಹಪ್ರವೇಶದ ಸಾಲದ ಕಾಗದಪತ್ರ ತಾವೇ ನೋಡಿಕೊಂಡರೇ? 2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ ಬ್ಯಾಂಕಿನ ಸಾಲಿನಲ್ಲಿ ನಿಂತು ಬದಲಾಯಿಸಿಕೊಂಡು ಬಂದವರು ಯಾರು? 2020ರ ಲಾಕ್‌ಡೌನ್‌ನಲ್ಲಿ ಮಾಸ್ಕ್ ಹಾಕಿಕೊಳ್ಳಿ ಎಂದರೆ ಹೇಗೆ ನಡೆದುಕೊಂಡರು? ಹೀಗೆ ಹಿಂದಕ್ಕೆ ಹೋಗುತ್ತಾ ‘ಆಗ ಪೂರ್ತಿ ಅವರ ಹಾಗೇ ಇದ್ದರು’ ಎಂದು ಎಲ್ಲರೂ ಒಪ್ಪುವ ಘಟನೆಯ ಬಳಿ ನಿಲ್ಲಿ. ಕಾಯಿಲೆಯ ಶುರು ಆ ಘಟನೆಗೂ ಅದರ ಮುಂದಿನ ಘಟನೆಗೂ ನಡುವೆ ಇದೆ.

ನೆನಪಿಗಿಂತ ಕಾಗದ ಗಟ್ಟಿ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ವಿಚಿತ್ರ ಖರ್ಚು, ಕಂತು ತಪ್ಪಿದ ತಿಂಗಳು, ಯುಪಿಐಯಲ್ಲಿ ಒಂದೇ ಬೇಕರಿಗೆ ದಿನಕ್ಕೆ ಮೂರು ಸಲ ಹೋದ ಹಣ, ಟ್ರಾಫಿಕ್ ದಂಡದ ರಸೀದಿಗಳು, ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಕೂಡುವುದು ತಪ್ಪಿದ ಪುಟ, ಆಫೀಸಿನ ಮೆಮೋ, ವಾಟ್ಸಾಪಿನಲ್ಲಿ ಉದ್ದುದ್ದ ಬರೆಯುತ್ತಿದ್ದವರು ಒಂದೇ ಪದಕ್ಕೆ ಇಳಿದ ಕಾಲ: ಇವೆಲ್ಲದರ ಮೇಲೆ ತಾರೀಖು ಇರುತ್ತದೆ.

ಕನಿಷ್ಠ ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿ, ಒಬ್ಬರು ಮನೆಯವರು, ಇನ್ನೊಬ್ಬರು ಜೊತೆಗೆ ಕೆಲಸ ಮಾಡುವವರು. ಸ್ವಭಾವದ ಬದಲಾವಣೆ ಆಫೀಸಿನಲ್ಲಿ ಒಂದೆರಡು ವರ್ಷ ಮೊದಲೇ ಕಂಡಿರುವುದುಂಟು; ಮನೆಯಲ್ಲಿ ಹೆಂಡತಿ ಅದನ್ನು ಸಹಿಸಿಕೊಂಡು ಮುಚ್ಚಿರುತ್ತಾರೆ. ದುಬೈಯಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳು ವರ್ಷಕ್ಕೊಮ್ಮೆ ಬರುವುದರಿಂದ ಅವರಿಗೆ ವ್ಯತ್ಯಾಸ ಎದ್ದು ಕಾಣುತ್ತದೆ. ಅವರ ಮಾತನ್ನು ತಳ್ಳಿಹಾಕಬೇಡಿ.

ಎರಡು ತಪ್ಪು ಆಗಬಾರದು. ಹುಟ್ಟುಗುಣವನ್ನು ಲಕ್ಷಣವೆಂದು ಎಣಿಸುವುದು ಒಂದು: ಮೊದಲಿನಿಂದಲೂ ಮುಂಗೋಪಿಯಾದವರ ಕೋಪ ಲೆಕ್ಕಕ್ಕೆ ಬಾರದು, ಸಂಕೋಚದ ಮನುಷ್ಯ ಅಪರಿಚಿತರ ಭುಜದ ಮೇಲೆ ಕೈಹಾಕಿದರೆ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು, ಸಾವೋ ನಷ್ಟವೋ ಬಂದಾಗಿನ ಮಂಕುತನವನ್ನೇ ಶುರು ಎನ್ನುವುದು. ದುಃಖ ತಿಂಗಳುಗಳಲ್ಲಿ ಇಳಿಯುತ್ತದೆ. ಈ ಬದಲಾವಣೆ ಆರು ತಿಂಗಳಾದರೂ ಇಳಿಯದೆ ಏರುತ್ತಲೇ ಹೋಗುತ್ತದೆ.

45ಕ್ಕಿಂತ ಮೊದಲು ಶುರುವಾದರೆ

ಈ ವಯಸ್ಸಿನ ಎಫ್‌ಟಿಡಿ ಅಪರೂಪ. ಇದು ಮಾನಸಿಕ ಕಾಯಿಲೆಯ ವೇಷದಲ್ಲಿ ಬರುತ್ತದೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಗೀಳು, ಕಣ್ಣಿಗೆ ಬಿದ್ದದ್ದನ್ನೆಲ್ಲ ಮುಟ್ಟುವುದು, ಬಾಯಿಗಿಡುವುದು, ಜನರಿಂದ ದೂರವಾಗುವುದು, ಕೆಲವರಲ್ಲಿ ಭ್ರಮೆ. ಸ್ಕಿಜೋಫ್ರೀನಿಯಾ, ಬೈಪೋಲಾರ್, ಕುಡಿತದ ಚಟ ಎಂದು ವರ್ಷಗಟ್ಟಲೆ ಔಷಧ ನಡೆದಿರುತ್ತದೆ. ಗಾಳಿ ಸೋಕಿದೆ, ಯಾರೋ ಮಾಟ ಮಾಡಿಸಿದ್ದಾರೆ ಎಂದು ಅಲೆದಾಡಿದ ಕಾಲ ಬೇರೆ. 35ರ ನಂತರ ಮೊದಲ ಸಲ ಬಂದ, ಮನೆಯಲ್ಲಿ ಹಿಂದೆ ಯಾರಿಗೂ ಇಲ್ಲದ, ಔಷಧಕ್ಕೆ ಬಗ್ಗದೆ ಬುದ್ಧಿಶಕ್ತಿಯನ್ನೂ ಎಳೆದುಕೊಂಡು ಹೋಗುತ್ತಿರುವ ‘ಮಾನಸಿಕ ಕಾಯಿಲೆ’ಗೆ ಮಿದುಳಿನ ಎಂಆರ್‌ಐ ಆಗಲೇಬೇಕು.

ಮನೆಯಲ್ಲಿ ಯಾರಿಗೂ ಇಲ್ಲದೆ 30–40ರ ಸುಮಾರಿಗೆ ಶುರುವಾಗುವ ಒಂದು ಬಗೆಯಲ್ಲಿ ಎಫ್‌ಯುಎಸ್ ಎಂಬ ಪ್ರೋಟೀನು ಮಿದುಳಿನ ಕೋಶಗಳಲ್ಲಿ ಗಡ್ಡೆಗಟ್ಟಿರುತ್ತದೆ. ಇವರ ಸ್ಕ್ಯಾನಿನಲ್ಲಿ ಕಾಡೇಟ್ ಎಂಬ ಒಳಭಾಗ ಎದ್ದು ಕಾಣುವಷ್ಟು ಸೊರಗಿರುತ್ತದೆ. ವರದಿಯಲ್ಲಿ ಅದರ ಪ್ರಸ್ತಾಪವೇ ಇಲ್ಲದಿದ್ದರೆ ‘ಕಾಡೇಟ್ ಹೇಗಿದೆ?’ ಎಂದು ಕೇಳಿ.

ಈ ವಯಸ್ಸಿನಲ್ಲಿ ಎಫ್‌ಟಿಡಿ ಎನ್ನುವ ಮೊದಲು, ಔಷಧದಿಂದ ಗುಣವಾಗುವ ಅಥವಾ ತಡೆಯಬಹುದಾದ ಕಾಯಿಲೆಗಳನ್ನು ಒಂದೊಂದಾಗಿ ಪಕ್ಕಕ್ಕಿಡಬೇಕು. ಮೈಯಲ್ಲಿ ತಾಮ್ರ ಸೇರಿಕೊಳ್ಳುವ ವಿಲ್ಸನ್ ಕಾಯಿಲೆಗೆ ರಕ್ತದ ಸೆರುಲೊಪ್ಲಾಸ್ಮಿನ್ ಮತ್ತು ಕಣ್ಣಿನ ಸ್ಲಿಟ್ ಲ್ಯಾಂಪ್ ಪರೀಕ್ಷೆ, ಎಚ್‌ಐವಿ, ಸಿಫಿಲಿಸ್‌ಗೆ ವಿಡಿಆರ್‌ಎಲ್, ಬಿ12, ಥೈರಾಯ್ಡ್, ಲಕ್ಷಣಗಳು ವಾರ–ತಿಂಗಳುಗಳಲ್ಲಿ ವೇಗವಾಗಿ ಏರಿದ್ದರೆ, ದೇಹದ ರಕ್ಷಣಾ ಶಕ್ತಿಯೇ ಮಿದುಳಿನ ಮೇಲೆ ಎರಗುವ ಆಟೊಇಮ್ಯೂನ್ ಎನ್ಸೆಫಲೈಟಿಸ್‌ಗೆ ಆ್ಯಂಟಿಬಾಡಿ ಪರೀಕ್ಷೆ.

ನಮ್ಮ ಕಡೆ ಮರೆಯಬಾರದ ಇನ್ನೊಂದಿದೆ. ತಂದೆತಾಯಿ ಸೋದರಮಾವ–ಅಕ್ಕನ ಮಗಳೋ, ಅತ್ತೆ–ಮಾವನ ಮಕ್ಕಳೋ ಆಗಿದ್ದು, 20ರ ಸುಮಾರಿಗೆ ಕಾಲು–ಮಣಿಕಟ್ಟು ನೋವು, ಸಣ್ಣ ಪೆಟ್ಟಿಗೇ ಮೂಳೆ ಮುರಿತ, 30ರ ನಂತರ ಸ್ವಭಾವದ ಬದಲಾವಣೆ ಎಂಬ ಕ್ರಮ ಕಂಡರೆ ಅದು ನಾಸು–ಹಕೋಲಾ ಕಾಯಿಲೆ ಇರಬಹುದು. ಟ್ರೆಮ್2 ಅಥವಾ ಟೈರೊಬಿಪಿ ಎಂಬ ಜೀನಿನ ದೋಷ ತಂದೆ, ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಇದು ಆಗುತ್ತದೆ. ರಕ್ತಸಂಬಂಧದ ಮದುವೆಯಲ್ಲಿ ಆ ಸಾಧ್ಯತೆ ಹೆಚ್ಚು. ಕೈ ಮತ್ತು ಪಾದದ ಎಕ್ಸ್‌ರೇ ತೆಗೆಸಿದರೆ ಮೂಳೆಯೊಳಗಿನ ಚೀಲಗಳು ಕಾಣುತ್ತವೆ. ಕಡಿಮೆ ಖರ್ಚಿನ ಪರೀಕ್ಷೆ, ಆದರೆ ಯಾರಾದರೂ ನೆನಪಿಸದಿದ್ದರೆ ಬಿಟ್ಟುಹೋಗುತ್ತದೆ.

45ರಿಂದ 65: ಎದ್ದು ಕಾಣುವ ಚಿತ್ರ

ಮಾತಿಗಿಂತ ಮೊದಲು ಸ್ವಭಾವ ಕೆಡುವ ‘ವರ್ತನೆಯ ಬಗೆ’ಯನ್ನು ಗುರುತಿಸಲು ವೈದ್ಯರು ಬಳಸುವ 2011ರ ಮಾನದಂಡದಲ್ಲಿ ಆರು ಅಂಶಗಳಿವೆ. ಲಂಗುಲಗಾಮಿಲ್ಲದ ನಡತೆ, ಜಡತ್ವ, ಇತರರ ನೋವಿಗೆ ಮರುಗದಿರುವುದು, ಅದದೇ ಕೆಲಸ–ಮಾತಿನ ಪುನರಾವರ್ತನೆ, ತಿನ್ನುವ ರೀತಿಯಲ್ಲಿ ಬದಲಾವಣೆ, ಇವು ಐದು. ಆರನೆಯದು: ಯೋಜನೆ ಹಾಕುವ ಶಕ್ತಿ ಕುಂದಿದ್ದರೂ ನೆನಪು, ದಾರಿ ಗುರುತು ಅಷ್ಟಾಗಿ ಕೆಡದಿರುವುದು. ಮೂರಿದ್ದರೆ ಎಫ್‌ಟಿಡಿ ಇರಬಹುದು ಎಂದರ್ಥ. ಜೊತೆಗೆ ದಿನದ ವ್ಯವಹಾರ ಕುಸಿದು, ಸ್ಕ್ಯಾನಿನಲ್ಲೂ ಹೊಂದುವ ಬದಲಾವಣೆ ಕಂಡರೆ ಬಹುತೇಕ ಅದೇ.

ಮನೆಯಲ್ಲಿ ಇದು ಕಾಣುವ ರೀತಿ ಬೇರೆ. ಹೆಂಡತಿಗೆ ಆಪರೇಷನ್ ಆದ ದಿನವೂ ‘ಊಟ ಎಲ್ಲಿ?’ ಎಂದಷ್ಟೇ ಕೇಳುವುದು. ಬೆಲ್ಲದ ಡಬ್ಬ ರಾತ್ರೋರಾತ್ರಿ ಖಾಲಿಯಾಗುವುದು. ಎಂದೂ ಸಾಲ ಮಾಡದವರು ಲೋನ್ ಆ್ಯಪಿನಲ್ಲಿ ಸಿಕ್ಕಿಬೀಳುವುದು, ಚೀಟಿ ಹಣವನ್ನು ಯಾರಿಗೋ ಕೊಟ್ಟುಬಿಡುವುದು. ಸಾವಿನ ಮನೆಯಲ್ಲಿ ನಗುವುದು. ಹೆಂಗಸರಾದರೆ ‘ಮುಟ್ಟು ನಿಲ್ಲುವ ಕಾಲ, ಹಾಗೇ ಇರುತ್ತೆ’ ಎಂಬ ಸಮಾಧಾನದಲ್ಲೇ ಮೂರು ವರ್ಷ ಕಳೆದುಹೋಗುತ್ತದೆ. ಗಂಡಸರಾದರೆ ‘ವಯಸ್ಸಿಗೆ ಬಂದ ಚಪಲ’ ಎಂಬ ನಿಂದೆ. ಎರಡರಲ್ಲೂ ಸಂಸಾರ ಒಡೆಯುತ್ತದೆ, ಕಾಯಿಲೆಗೆ ಹೆಸರು ಸಿಗುವ ಮೊದಲೇ.

ಇಲ್ಲೊಂದು ಬಲೆ ಇದೆ. ‘ಇವತ್ತು ಯಾವ ವಾರ, ನೂರರಿಂದ ಏಳು ಕಳೆಯಿರಿ’ ಎಂಬಂಥ 30 ಅಂಕದ ಚಿಕ್ಕ ಪರೀಕ್ಷೆಯಲ್ಲಿ ಈ ಹಂತದವರು 28–29 ಗಳಿಸಿ ಹೊರಬರಬಹುದು. ‘ನೆನಪು ಚೆನ್ನಾಗಿದೆ, ಏನೂ ಇಲ್ಲ’ ಎಂದು ಕಳಿಸಿದರೆ ಅಲ್ಲಿಗೆ ನಿಲ್ಲಿಸಬೇಡಿ. ಎಸಿಇ–3 ಎಂಬ 100 ಅಂಕದ ವಿವರವಾದ ಪರೀಕ್ಷೆಯ ಕನ್ನಡ ರೂಪ ಇದೆ. ಅದರ ಜೊತೆ ಮನೆಯವರನ್ನು ರೋಗಿಯಿಂದ ಬೇರೆಯಾಗಿ ಕೂರಿಸಿ ವರ್ತನೆಯ ಪ್ರಶ್ನಾವಳಿ ತುಂಬಿಸಬೇಕು. ರೋಗಿಯ ಎದುರಿಗೇ ಕೇಳಿದರೆ ಯಾವ ಹೆಂಡತಿಯೂ ಬಾಯಿಬಿಡುವುದಿಲ್ಲ.

ಎಂಆರ್‌ಐ ವರದಿಯಲ್ಲಿ ‘ವಯಸ್ಸಿಗೆ ತಕ್ಕ ಸವಕಳಿ’ ಎಂದು ಬರೆದಿದ್ದರೆ ವಯಸ್ಸನ್ನು ನೋಡಿ. 52ರ ಮಿದುಳಿನಲ್ಲಿ ಕಣ್ಣಿಗೆ ಕಾಣುವಷ್ಟು ಸವಕಳಿ ಸಹಜವಲ್ಲ. ವರದಿಯಷ್ಟೇ ಸಾಲದು, ಫಿಲ್ಮ್ ಅಥವಾ ಸಿಡಿಯನ್ನೇ ಡಿಮೆನ್ಷಿಯಾ ನೋಡುವ ನರರೋಗ ತಜ್ಞರಿಗೆ ತೋರಿಸಿ. ಮಿದುಳನ್ನು ಕಿವಿಯಿಂದ ಕಿವಿಗೆ ಸೀಳಿದಂತೆ ತೆಗೆಯುವ ಕರೋನಲ್ ಚಿತ್ರಗಳು ಇರಲೇಬೇಕು. ಕಣತಲೆ ಭಾಗದ ತುದಿಯ ಸೊರಗು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಎಂಆರ್‌ಐ ಸರಿಯಿದ್ದೂ ಅನುಮಾನ ಉಳಿದರೆ, ಮಿದುಳಿನ ಯಾವ ಭಾಗ ಸಕ್ಕರೆಯನ್ನು ಕಡಿಮೆ ಬಳಸುತ್ತಿದೆ ಎಂದು ತೋರಿಸುವ ಎಫ್‌ಡಿಜಿ ಪೆಟ್ ಸ್ಕ್ಯಾನ್. ಅದೂ ಸರಿಯಿದ್ದರೆ 12 ತಿಂಗಳ ನಂತರ ಮತ್ತೊಮ್ಮೆ ಪರೀಕ್ಷೆ. ವರ್ಷಗಳಾದರೂ ಸ್ಕ್ಯಾನ್ ಬದಲಾಗದೆ, ಕಾಯಿಲೆಯೂ ಮುಂದುವರಿಯದೆ ನಿಲ್ಲುವ ಕೆಲವರು ಇದ್ದಾರೆ. ಅವರಿಗೆ ಎಫ್‌ಟಿಡಿಯ ಆಯುಷ್ಯದ ಲೆಕ್ಕ ಹಚ್ಚುವುದು ಅನ್ಯಾಯ.

ಮಾತಿನ ಬಗೆಗಳು ಎರಡು. ಅರ್ಥ ಕಳೆದುಹೋಗುವ ಸೆಮ್ಯಾಂಟಿಕ್ ಬಗೆಯಲ್ಲಿ ಮಾತು ಸರಾಗವಾಗಿ ಹರಿಯುತ್ತದೆ, ಆದರೆ ‘ಸೌಟು ತಗೊಂಡು ಬಾ’ ಎಂದರೆ ‘ಸೌಟು ಅಂದರೇನು?’ ಎನ್ನುತ್ತಾರೆ. ಎಲ್ಲ ಹಕ್ಕಿಯೂ ಕಾಗೆ, ಆಮೇಲೆ ಎಲ್ಲವೂ ‘ಅದು’. ಇದನ್ನು ಹಿಡಿಯಲು ಇಂಗ್ಲಿಷಿನಲ್ಲಿ ಒಂದು ಸುಲಭ ಉಪಾಯವಿದೆ: ಬರೆದಂತೆ ಉಚ್ಚರಿಸದ ಪದಗಳನ್ನು ಓದಿಸುವುದು. ಕನ್ನಡ ಲಿಪಿಯಲ್ಲಿ ಬರೆದಂತೆ ಓದುವುದರಿಂದ ಆ ಉಪಾಯ ಇಲ್ಲಿ ನಡೆಯದು. ಅರ್ಥವೇ ತಿಳಿಯದಿದ್ದರೂ ಪತ್ರಿಕೆಯನ್ನು ತಡೆಯಿಲ್ಲದೆ ಓದಿಬಿಡುತ್ತಾರೆ, ಮನೆಯವರು ಮೋಸಹೋಗುತ್ತಾರೆ. ಓದಿಸಿದ ಮೇಲೆ ಪದ ತೋರಿಸಿ ಅರ್ಥ ಕೇಳಿ, ವಸ್ತುವನ್ನು ಕೈಗೆ ಕೊಟ್ಟು ಏನು ಮಾಡುತ್ತಾರೆ ನೋಡಿ.

ತಡವರಿಸುವ ಬಗೆಯಲ್ಲಿ ಅರ್ಥ ಉಳಿದಿರುತ್ತದೆ, ಪ್ರತ್ಯಯಗಳು ಉದುರುತ್ತವೆ. ‘ನಾನು ಅಂಗಡಿಗೆ ಹೋದೆ’ ಎನ್ನಬೇಕಾದ ಕಡೆ ‘ನಾನು… ಅಂಗಡಿ… ಹೋಗು’ ಎಂದಾಗುತ್ತದೆ. ಶಬ್ದಗಳು ನಾಲಿಗೆಗೆ ಸಿಕ್ಕದೆ ತಿರುಚಿಕೊಳ್ಳುತ್ತವೆ. ಇವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ವಾಕ್ ಚಿಕಿತ್ಸಕರ ನೆರವು ಬೇಗ ಸಿಗಬೇಕು. ಮನೆಮಾತು ತುಳುವೋ ಕೊಂಕಣಿಯೋ ಉರ್ದುವೋ ಆಗಿದ್ದರೆ ಪರೀಕ್ಷೆಯನ್ನು ಕನ್ನಡದಲ್ಲಿ ಮಾತ್ರ ಮಾಡಿದರೆ ಫಲಿತಾಂಶ ಸುಮ್ಮನೆ ಕೆಟ್ಟದಾಗಿ ಕಾಣುತ್ತದೆ. ಯಾವ ಭಾಷೆಯಲ್ಲಿ ಬೆಳೆದರು, ಯಾವುದರಲ್ಲಿ ವ್ಯವಹಾರ ಮಾಡಿದರು ಎಂದು ಮೊದಲೇ ಹೇಳಿ.

ಭಾಷೆಗೂ ಶುರುವಾಗುವ ವಯಸ್ಸಿಗೂ ಒಂದು ನಂಟು ಹೈದರಾಬಾದಿನಲ್ಲಿ ಕಂಡುಬಂದಿದೆ. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಅಲ್ಲಿ 193 ಎಫ್‌ಟಿಡಿ ರೋಗಿಗಳನ್ನು ನೋಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ತನೆಯ ಬಗೆ ಒಂದೇ ಭಾಷೆಯವರಲ್ಲಿ ಸರಾಸರಿ 56.8ಕ್ಕೆ, ಎರಡು ಭಾಷೆಯವರಲ್ಲಿ 62.6ಕ್ಕೆ ಶುರುವಾಗಿತ್ತು. ಮಾತಿನ ಬಗೆಗಳಲ್ಲಿ ಈ ಲಾಭ ಕಾಣಲಿಲ್ಲ. ಮೂರು ಭಾಷೆಯಲ್ಲಿ ಬದುಕುವ ನಮ್ಮ ಊರುಗಳಲ್ಲಿ ಇದರ ಅರ್ಥ ಸರಳ: 63 ಆಯಿತೆಂಬ ಒಂದೇ ಕಾರಣಕ್ಕೆ ಎಫ್‌ಟಿಡಿಯ ಅನುಮಾನ ಬಿಡಬೇಡಿ.

65 ದಾಟಿದ ಮೇಲೆ

ಇಲ್ಲಿ ತಪ್ಪು ಉಲ್ಟಾ ಆಗುತ್ತದೆ. ಮಾನಸಿಕ ಕಾಯಿಲೆ ಎನ್ನುವ ಬದಲು ಆಲ್‌ಝೈಮರ್ ಎಂದುಬಿಡುತ್ತಾರೆ. ಕಾರಣವಿದೆ: ವಯಸ್ಸಾದವರ ಎಫ್‌ಟಿಡಿಯಲ್ಲಿ ಮರೆವು ಮೊದಲೇ ಸೇರಿಕೊಂಡಿರುವುದು ಹೆಚ್ಚು, ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್ ಕೂಡ ಸೊರಗಿರುತ್ತದೆ, ಹಣೆಯ ಭಾಗದ ಸೊರಗು ಎಳೆಯರಷ್ಟು ಢಾಳಾಗಿ ಕಾಣುವುದಿಲ್ಲ. ಬಿಪಿ, ಸಕ್ಕರೆ ಕಾಯಿಲೆಯಿಂದಾದ ರಕ್ತನಾಳದ ಕಲೆಗಳು ಸ್ಕ್ಯಾನನ್ನು ಇನ್ನಷ್ಟು ಮಸುಕು ಮಾಡುತ್ತವೆ. ನಡತೆಯಲ್ಲೂ ರಂಪಾಟಕ್ಕಿಂತ ಜಡತ್ವ ಮುಂದಿರುತ್ತದೆ. ಕೂತಲ್ಲೇ ಕೂರುತ್ತಾರೆ, ಕರೆದರೆ ಬರುತ್ತಾರೆ, ತಾವಾಗಿ ಏನೂ ಮಾಡರು. ಮನೆಯವರಿಗೆ ತೊಂದರೆಯಾಗದ ಕಾರಣ ಯಾರೂ ದೂರು ಹೇಳುವುದಿಲ್ಲ.

ಹೀಗೆ ಕೇಳಿ ನೋಡಿ: ಮೊದಲು ಹೋದದ್ದು ನೆನಪೋ, ಆಸಕ್ತಿ–ಮಮತೆಯೋ? ಮೊಮ್ಮಗ ಬಿದ್ದು ಅತ್ತರೆ ತಿರುಗಿ ನೋಡುತ್ತಾರೆಯೇ? ಸಿಹಿಯ ಆಸೆ ಹೊಸದಾಗಿ ಬಂತೇ? ಪರಿಚಿತರ ಮುಖವೇ ಗುರುತು ಸಿಗುವುದಿಲ್ಲವೇ? ಮಮತೆ ಮೊದಲು ಹೋಗಿ ಮರೆವು ಆಮೇಲೆ ಬಂದಿದ್ದರೆ ಬೆನ್ನುಹುರಿಯ ದ್ರವದಲ್ಲಿ ಆಲ್‌ಝೈಮರ್ ಗುರುತುಗಳ ಪರೀಕ್ಷೆ, ಇಲ್ಲವೇ ಆ ಕಾಯಿಲೆಯ ಪ್ರೋಟೀನನ್ನು ತೋರಿಸುವ ಅಮೈಲಾಯ್ಡ್ ಪೆಟ್ ಸ್ಕ್ಯಾನ್ ಬಗ್ಗೆ ವಿಚಾರಿಸಿ.

ಈ ವ್ಯತ್ಯಾಸಕ್ಕೆ ಇಷ್ಟು ಒತ್ತು ಕೊಡುವುದು ಔಷಧದ ಕಾರಣಕ್ಕೆ. ಆಲ್‌ಝೈಮರ್‌ಗೆ ಕೊಡುವ ಡೊನೆಪೆಜಿಲ್ ಎಫ್‌ಟಿಡಿಯಲ್ಲಿ ಉಪಯೋಗಕ್ಕೆ ಬಾರದು, ಕೆಲವರಲ್ಲಿ ಚಡಪಡಿಕೆ, ಲಂಗುಲಗಾಮಿಲ್ಲದ ನಡತೆಯನ್ನು ಹೆಚ್ಚಿಸುತ್ತದೆ. ಮೆಮಾಂಟಿನ್ ಕೂಡ ಪ್ರಯೋಗಗಳಲ್ಲಿ ಫಲ ಕೊಡಲಿಲ್ಲ. ಮಾತ್ರೆ ಶುರುವಾದ ವಾರಗಳಲ್ಲೇ ಹಾವಳಿ ಹೆಚ್ಚಾಗಿದ್ದರೆ ಅದನ್ನು ತಾರೀಖು ಸಮೇತ ವೈದ್ಯರಿಗೆ ಹೇಳಿ.

ಎಫ್‌ಟಿಡಿಯನ್ನು ತಡೆಯುವ ಔಷಧ ಇಲ್ಲ. ಲಕ್ಷಣಗಳಿಗೆ ಸರ್ಟ್ರಾಲಿನ್, ಸಿಟಲೊಪ್ರಾಮ್, ಟ್ರಾಜೊಡೋನ್ ಬಳಸುತ್ತಾರೆ. ಗೀಳು, ಸಿಹಿಯ ಹಪಾಹಪಿ, ಸಿಡುಕು ತಗ್ಗುತ್ತವೆ. ವಯಸ್ಸಿನ ಲೆಕ್ಕ ಇಲ್ಲೂ ಬರುತ್ತದೆ: 60 ದಾಟಿದವರಿಗೆ ಸಿಟಲೊಪ್ರಾಮ್ ದಿನಕ್ಕೆ 20 ಮಿಲಿಗ್ರಾಂ ಮೀರಬಾರದು, ಹೃದಯದ ಲಯ ತಪ್ಪಬಹುದು. ವಯಸ್ಸಾದವರಿಗೆ ಈ ಗುಂಪಿನ ಔಷಧ ಶುರುಮಾಡಿದ ಎರಡು ವಾರದ ಸುಮಾರಿಗೆ ರಕ್ತದ ಸೋಡಿಯಂ ನೋಡಿಸಬೇಕು. ಅದು ಇಳಿದಾಗ ಬರುವ ಮಂಪರನ್ನು ಕಾಯಿಲೆ ಹೆಚ್ಚಾಯಿತೆಂದು ತಿಳಿದು ಕೂರುವವರಿದ್ದಾರೆ. ಹ್ಯಾಲೊಪೆರಿಡಾಲ್‌ನಂಥ ಹಳೆಯ ಔಷಧಗಳಿಂದ ಎಫ್‌ಟಿಡಿಯವರ ಮೈ ಮರಗಟ್ಟಿದಂತೆ ಬಿಗಿಯುತ್ತದೆ.

ವಂಶದ ಲೆಕ್ಕ

ಮೂರು ತಲೆಮಾರಿನ ನಕ್ಷೆ ಬರೆಯಿರಿ. ಪ್ರತಿ ಹೆಸರಿನ ಕೆಳಗೆ ಸತ್ತ ವಯಸ್ಸು, ಕಾಯಿಲೆ ಶುರುವಾದ ವಯಸ್ಸು. ‘ಎಫ್‌ಟಿಡಿ ಇತ್ತೇ?’ ಎಂದು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ‘ಕೊನೆಗಾಲದಲ್ಲಿ ಬುದ್ಧಿ ಕೆಟ್ಟಿತ್ತೇ, ಕೈಕಾಲು ಸಣ್ಣಗಾಗಿ ಮಾತು–ನುಂಗುವುದು ನಿಂತು ಹೋಯಿತೇ, ನಡುಕದ ಕಾಯಿಲೆ ಇತ್ತೇ, ಮನೆ ಬಿಟ್ಟು ಹೋದವರಿದ್ದಾರೆಯೇ?’ ಎಂದು ಕೇಳಿ.

ವಂಶವಾಹಿ ಎಫ್‌ಟಿಡಿಗೆ ಮುಖ್ಯವಾಗಿ ಮೂರು ಜೀನುಗಳು ಕಾರಣ. ಹಲವು ದೇಶಗಳ ಕುಟುಂಬಗಳನ್ನು ಸೇರಿಸಿ 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಸರಾಸರಿಗಳಿವು: ಎಂಎಪಿಟಿ ದೋಷವಿದ್ದರೆ ಶುರು 49.5ಕ್ಕೆ, ಅಲ್ಲಿಂದ ಬದುಕು 9.3 ವರ್ಷ, ಸಿ9ಓಆರ್‌ಎಫ್72 ಇದ್ದರೆ 58.2ಕ್ಕೆ, 6.4 ವರ್ಷ, ಜಿಆರ್‌ಎನ್ ಇದ್ದರೆ 61.3ಕ್ಕೆ, 7.1 ವರ್ಷ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಲ್ಲರಿಗಿಂತ ಬೇಗ ಶುರುವಾದವರೇ ಎಲ್ಲರಿಗಿಂತ ಹೆಚ್ಚು ವರ್ಷ ಕಾಯಿಲೆಯೊಡನೆ ಬದುಕಿದ್ದಾರೆ. ಬೇಗ ಬಂದದ್ದು ಬೇಗ ಒಯ್ಯುತ್ತದೆ ಎಂಬ ಎಣಿಕೆ ಇಲ್ಲಿ ನಿಲ್ಲುವುದಿಲ್ಲ.

‘ಅಪ್ಪನಿಗೆ 50ಕ್ಕೆ ಬಂತು, ನನಗೂ 50ಕ್ಕೆ ಬರುತ್ತದೆಯೇ?’ ಎಂಬುದು ಮಕ್ಕಳ ಮೊದಲ ಭಯ. ಎಂಎಪಿಟಿ ಕುಟುಂಬಗಳಲ್ಲಿ ತಂದೆತಾಯಿಯ ವಯಸ್ಸಿಗೂ ಮಕ್ಕಳ ವಯಸ್ಸಿಗೂ ಸಾಕಷ್ಟು ಹೋಲಿಕೆ ಇದೆ. ಜಿಆರ್‌ಎನ್, ಸಿ9 ಕುಟುಂಬಗಳಲ್ಲಿ ಆ ಹೋಲಿಕೆ ತೀರ ಸಡಿಲ. ಒಂದೇ ಮನೆಯಲ್ಲಿ ಒಬ್ಬರಿಗೆ 50ಕ್ಕೆ, ಇನ್ನೊಬ್ಬರಿಗೆ 70ಕ್ಕೆ ಬರಬಹುದು.

ಜೀನ್ ಪರೀಕ್ಷೆ ಮಾಡಿಸುವವರು ಒಂದು ಮಾತು ಗಮನಿಸಿ. ಸಿ9 ದೋಷ ಅಂದರೆ ಒಂದು ಸಣ್ಣ ಡಿಎನ್‌ಎ ತುಣುಕು ನೂರಾರು ಸಲ ಮರುಕಳಿಸಿರುವುದು. ಜೀನುಗಳ ಪ್ರೋಟೀನು ತಯಾರಿಸುವ ಭಾಗಗಳನ್ನಷ್ಟೇ ಓದುವ ಸಾಮಾನ್ಯ ಎಕ್ಸೋಮ್ ಪರೀಕ್ಷೆ ಅದನ್ನು ಹಿಡಿಯದು. ರಿಪೀಟ್ ಪ್ರೈಮ್ಡ್ ಪಿಸಿಆರ್ ಎಂದು ಬೇರೆಯಾಗಿ ಬರೆಸಬೇಕು. ಏಷ್ಯಾದಲ್ಲಿ ಸಿ9 ಯುರೋಪಿಗಿಂತ ಕಡಿಮೆ, ಆದರೆ ಮನೆಯಲ್ಲಿ ಯಾರಿಗಾದರೂ ಸ್ನಾಯು ನಡೆಸುವ ನರಕೋಶಗಳು ಸಾಯುವ ಮೋಟಾರ್ ನ್ಯೂರಾನ್ ಕಾಯಿಲೆ ಇದ್ದರೆ ಬಿಡುವಂತಿಲ್ಲ. ಪರೀಕ್ಷೆಗೆ ಮೊದಲು ಜೆನೆಟಿಕ್ ಕೌನ್ಸೆಲಿಂಗ್ ಆಗಲಿ. ಲಕ್ಷಣವಿಲ್ಲದ, 18 ತುಂಬದ ಮಕ್ಕಳಿಗೆ ಮಾಡಿಸಬೇಡಿ. ಹೆಣ್ಣು ನೋಡುವ ಹೊತ್ತಿಗೆ ಈ ವರದಿ ಯಾರ ಕೈಗೆ ಸಿಗುತ್ತದೆ ಎಂಬುದನ್ನೂ ಮೊದಲೇ ಯೋಚಿಸಿ.

ಆಯುಷ್ಯದ ಅಂಕಿಗಳನ್ನು ಓದುವುದು

ಮೊದಲು ಬಗೆ, ಆಮೇಲೆ ವಯಸ್ಸು. ಲಕ್ಷಣ ಶುರುವಾದಾಗಿನಿಂದ ಎಣಿಸಿದರೆ ವರ್ತನೆಯ ಬಗೆಯಲ್ಲಿ ಮಧ್ಯಾಂಕ ಸುಮಾರು 8 ವರ್ಷ, ಸೆಮ್ಯಾಂಟಿಕ್ ಬಗೆಯಲ್ಲಿ ಸುಮಾರು 12, ಮೋಟಾರ್ ನ್ಯೂರಾನ್ ಕಾಯಿಲೆ ಸೇರಿಕೊಂಡರೆ ಸುಮಾರು ಎರಡೂವರೆ. ಮಧ್ಯಾಂಕವೆಂದರೆ ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದ್ದಾರೆ ಎಂದು. 15–20 ವರ್ಷ ದಾಟಿದವರೂ ಇದ್ದಾರೆ.

ಹಾಗಾಗಿ ಪ್ರತಿ ಭೇಟಿಯಲ್ಲೂ ನೋಡಿಸಬೇಕಾದದ್ದು ಸ್ನಾಯು. ನಾಲಿಗೆ ಹೊರಗಿಟ್ಟಾಗ ಹುಳ ಹರಿದಂತೆ ಅದುರುತ್ತದೆಯೇ? ಹೆಬ್ಬೆರಳ ಬುಡ ಬತ್ತಿದೆಯೇ? ಲೋಟ ಕೈಜಾರುತ್ತದೆಯೇ? ಇವುಗಳಲ್ಲಿ ಒಂದು ಕಂಡರೂ ಸ್ನಾಯುವಿನ ವಿದ್ಯುತ್ ಚಟುವಟಿಕೆ ನೋಡುವ ಇಎಂಜಿ ಪರೀಕ್ಷೆ ಮಾಡಿಸಿ. ಲೆಕ್ಕವನ್ನೇ ಬದಲಿಸುವ ಸಂಗತಿ ಇದು.

ವಯಸ್ಸಿನ ಪರಿಣಾಮದ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಕೆಲವು ತಡವಾಗಿ ಶುರುವಾದವರ ಬದುಕು ಗಿಡ್ಡ ಎನ್ನುತ್ತವೆ, ಕೆಲವಕ್ಕೆ ವ್ಯತ್ಯಾಸ ಕಂಡಿಲ್ಲ. ಎಳೆಯರ ಗುಂಪಿನಲ್ಲಿ ಒಂದು ಬಗೆಯ ಜೀನು–ಪ್ರೋಟೀನು ಹೆಚ್ಚು, ಹಿರಿಯರ ಗುಂಪಿನಲ್ಲಿ ಇನ್ನೊಂದು. ಮಿಶ್ರಣ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ಹಾಸಿಗೆಯ ಬಳಿ ನಿಂತು ನೋಡಿದರೆ ವ್ಯತ್ಯಾಸ ಹೀಗೆ ಕಾಣುತ್ತದೆ: ಹಿರಿಯರಲ್ಲಿ ಬಿದ್ದು ಸೊಂಟ ಮುರಿಯುವುದು, ಹೃದಯ, ಸಕ್ಕರೆ ಕಾಯಿಲೆ ಆಯುಷ್ಯವನ್ನು ಮೊಟಕು ಮಾಡುತ್ತವೆ. ಎಳೆಯರ ದೇಹ ಗಟ್ಟಿ. ಮಾತು, ನಡಿಗೆ ನಿಂತ ಮೇಲೂ ವರ್ಷಗಳ ಕಾಲ ಶುಶ್ರೂಷೆ ಬೇಕು. ವಯಸ್ಸು ಒಂದನ್ನೇ ಕೇಳಿ ‘ಇನ್ನಿಷ್ಟು ವರ್ಷ’ ಎಂದು ಹೇಳುವವರ ಮಾತಿಗೆ ಬೆಲೆ ಕೊಡಬೇಡಿ.

ಒಂದು ಉದಾಹರಣೆ. ಶುರು 52ಕ್ಕೆ, ಹೆಸರು ಸಿಕ್ಕಿದ್ದು 56ಕ್ಕೆ, ವರ್ತನೆಯ ಬಗೆ, ಸ್ನಾಯು ಸರಿಯಿದೆ. ‘8 ವರ್ಷ’ ಎಂದು ಕೇಳಿದ ಮನೆಯವರು 56ಕ್ಕೆ 8 ಕೂಡಿಸಿ 64 ಎನ್ನುತ್ತಾರೆ. ಎಣಿಕೆ 52ರಿಂದ ಶುರುವಾಗಬೇಕು, ಮಧ್ಯಾಂಕ 60. ಆದರೂ ಇವರು 58ಕ್ಕೆ ಹಾಸಿಗೆ ಹಿಡಿಯಬಹುದು, 68ರಲ್ಲೂ ಇರಬಹುದು. ಆದ್ದರಿಂದ ಹಣವನ್ನು 15 ವರ್ಷಕ್ಕೆ ಬರುವಂತೆ ಜೋಡಿಸಿ, ಅವರ ಸಹಿ–ಒಪ್ಪಿಗೆ ಬೇಕಾದ ತೀರ್ಮಾನಗಳನ್ನು ಆರು ತಿಂಗಳೊಳಗೆ ಮುಗಿಸಿ.

ದುಡಿಯುವ ವಯಸ್ಸಿನವರಾದರೆ ತಕ್ಷಣ ಮಾಡುವ ಕೆಲಸ

ರಾಜೀನಾಮೆ ಬರೆಯಲು ಬಿಡಬೇಡಿ. ಸಿಟ್ಟಿನಲ್ಲಿ, ಉದಾಸೀನದಲ್ಲಿ ಕೆಲಸ ಬಿಟ್ಟು ಪಿಂಚಣಿ, ವಿಮೆ ಎರಡನ್ನೂ ಕಳೆದುಕೊಳ್ಳುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೇ ಕಲಂ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದ ನೌಕರರನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ. ರೋಗನಿರ್ಣಯದ ಪತ್ರ ಹಿಡಿದು ಮೊದಲು ರಜೆ, ಆಮೇಲೆ ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ.

ಪವರ್ ಆಫ್ ಅಟಾರ್ನಿ ಮಾಡಿಸಿಕೊಂಡರೆ ಎಲ್ಲ ಮುಗಿಯಿತು ಎಂದು ನಂಬುವವರು ಬಹಳ. ಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ನಮ್ಮ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ ಆ ಅಧಿಕಾರ ರದ್ದಾಗುತ್ತದೆ. ಆದ್ದರಿಂದ ತಿಳಿವಳಿಕೆ ಇರುವಾಗಲೇ ಖಾತೆಗಳನ್ನು ‘ಇಬ್ಬರಲ್ಲಿ ಯಾರಾದರೂ’ ಎಂಬ ಜಂಟಿ ಖಾತೆ ಮಾಡಿ, ನಾಮಿನಿ ಹಾಕಿಸಿ, ಉಯಿಲು ಬರೆಸಿ ನೋಂದಾಯಿಸಿ. ಉಯಿಲಿನ ದಿನವೇ ‘ತಿಳಿದು ಸಹಿ ಮಾಡಬಲ್ಲರು’ ಎಂಬ ವೈದ್ಯರ ಪತ್ರ ಇದ್ದರೆ ದಾಯಾದಿಗಳ ತಕರಾರು ಗೆಲ್ಲುವುದು ಕಷ್ಟ. ಚಿಕಿತ್ಸೆ ಹೇಗಿರಬೇಕೆಂಬ ಮುಂಗಡ ಸೂಚನೆಗೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಅವಕಾಶವಿದೆ. ಯುಪಿಐ ಮಿತಿಯನ್ನು ದಿನಕ್ಕೆ ಕೆಲವು ನೂರಕ್ಕಿಳಿಸಿ, ಲೋನ್ ಆ್ಯಪುಗಳನ್ನು ಅಳಿಸಿ, ಬೈಕು–ಕಾರಿನ ಕೀ ಎತ್ತಿಡಿ. ರಸ್ತೆಯಲ್ಲಿ ಜಗಳವೋ ಯಾರನ್ನೋ ಮುಟ್ಟಿದ್ದೋ ಪೊಲೀಸ್ ಠಾಣೆಗೆ ಹೋದರೆ ತೋರಿಸಲು ಕನ್ನಡದಲ್ಲಿ ಬರೆಸಿದ ವೈದ್ಯರ ಪತ್ರ ಜೇಬಿನಲ್ಲಿರಲಿ.

ಊಟ

ಎಫ್‌ಟಿಡಿಯವರನ್ನು ಹೆಚ್ಚಾಗಿ ಒಯ್ಯುವುದು ನ್ಯುಮೋನಿಯಾ. ಅನ್ನನಾಳಕ್ಕೆ ಹೋಗಬೇಕಾದದ್ದು ಶ್ವಾಸನಾಳಕ್ಕೆ ಇಳಿದು ಆಗುವಂಥದ್ದು. ಅದನ್ನು ಮುಂದಕ್ಕೆ ತಳ್ಳುವುದು ಮನೆಯವರ ಕೈಯಲ್ಲಿ ಸಾಕಷ್ಟಿದೆ. ಮೊದಮೊದಲು ಬಾಯಿತುಂಬ ತುರುಕಿಕೊಳ್ಳುತ್ತಾರೆ: ತಟ್ಟೆಯಲ್ಲಿ ಒಂದು ಸಲಕ್ಕೆ ಎರಡು ತುತ್ತಷ್ಟೇ ಇಡಿ, ಇಡ್ಲಿಯನ್ನು ಎಂಟು ತುಂಡು ಮಾಡಿ. ಮುದ್ದೆಯನ್ನು ಅಗಿಯದೆ ನುಂಗುವ ಅಭ್ಯಾಸವಿರುವ ಮನೆಗಳಲ್ಲಿ ಅದು ಗಂಟಲಲ್ಲಿ ನಿಲ್ಲುವ ಅಪಾಯ ದೊಡ್ಡದು. ಗಟ್ಟಿ ರಾಗಿ ಅಂಬಲಿಗೆ ಬದಲಿಸಿ. ನೀರು ಕುಡಿದಾಗ ಕೆಮ್ಮು ಬಂದರೆ, ಊಟದ ನಂತರ ದನಿ ಗೊರಗೊರ ಎಂದರೆ, ವಾಕ್ ಚಿಕಿತ್ಸಕರಿಂದ ನುಂಗುವಿಕೆಯ ಪರೀಕ್ಷೆ ಮಾಡಿಸಿ. ತೆಳು ದ್ರವವೇ ಹೆಚ್ಚು ಅಪಾಯಕಾರಿ. ನೆಟ್ಟಗೆ ಕೂರಿಸಿ ಉಣಿಸಿ, ಆಮೇಲೆ ಅರ್ಧ ಗಂಟೆ ಮಲಗಿಸಬೇಡಿ. ತಿಂಗಳಿಗೊಮ್ಮೆ ತೂಕ ಬರೆಯಿರಿ: ಮೊದಲ ವರ್ಷಗಳಲ್ಲಿ ಏರುತ್ತದೆ, ಇಳಿಯತೊಡಗಿದಾಗ ಕಾರಣ ಹುಡುಕಿ.

ನೋಡಿಕೊಳ್ಳುವವರಿಗೆ ಮನಸ್ಸು ಕುಸಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಯಾವ ಪ್ರೋಟೀನು ಕಾರಣವಾಗಿತ್ತು ಎಂಬುದು ಜೀನ್ ದೋಷ ಸಿಕ್ಕದವರಲ್ಲಿ ಮಿದುಳನ್ನೇ ಪರೀಕ್ಷಿಸಿದಾಗ ಖಚಿತವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳಿನ ಅಂಗಾಂಶ ಸಂಗ್ರಹಾಲಯವಿದೆ. ದಾನದ ಮನಸ್ಸಿದ್ದರೆ ಮೊದಲೇ ವಿಚಾರಿಸಿ ಹೆಸರು ಕೊಟ್ಟಿರಿ, ಮನೆಯವರೆಲ್ಲರ ಒಪ್ಪಿಗೆ ಪಡೆದಿರಿ. ಸಾವಿನ ನಂತರ ಕೈಗೆ ಸಿಗುವುದು ಕೆಲವೇ ಗಂಟೆ. ಕೊಡುವಾಗ ನೋಟ್‌ಬುಕ್ಕಿನ ಆ ಮೊದಲ ಪುಟದ ಪ್ರತಿಯನ್ನೂ ಜೊತೆಗಿಡಿ. ಕಾಯಿಲೆ ಎಂದು ಶುರುವಾಯಿತು ಎಂದು ತಿಳಿಯದಿದ್ದರೆ ಒಳಗೆ ಕಂಡದ್ದಕ್ಕೂ ಹೊರಗೆ ನಡೆದದ್ದಕ್ಕೂ ಕೊಂಡಿ ಬೆಸೆಯಲು ಅಲ್ಲಿನವರಿಗೆ ಆಗುವುದಿಲ್ಲ.